ಕಾಳಗವೂ ಕಥೆಯೂ: ಒಬ್ಬ ಅಪ್ಪನ ವಿಡಿಯೋ ಗೇಮ್ ಪುರಾಣ



ಕಳೆದ ಯುಗಾದಿ ಪಾಟ್‌ಲಕ್ ದಿನ ನಡೆದದ್ದು. ಮಕ್ಕಳ ಫ್ಯಾನ್ಸಿ ಡ್ರೆಸ್ ಮುಗಿದಿತ್ತು, ದೊಡ್ಡವರ ಅಂತ್ಯಾಕ್ಷರಿ ಇನ್ನೂ ಶುರುವಾಗಿರಲಿಲ್ಲ. ಬಿಸಿಬೇಳೆ ಬಾತಿನ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯ ಅಕ್ಕನೊಬ್ಬರು, "ಈ ಹಾಳು ವಿಡಿಯೋ ಗೇಮ್ ಬಂದಮೇಲೆ ನಮ್ಮನೆ ಹುಡುಗ ಕನ್ನಡ ಹಾಗಿರಲಿ, ಇಂಗ್ಲಿಷನ್ನೂ ಮಾತಾಡ್ತಿಲ್ಲ. ಬರೀ ಹೊಡಿ, ಬಡಿ, ಕೊಲ್ಲು! ಎಲ್ಲಾ ಗೇಮೂ ಒಂದೇ" ಎಂದು ಗೊಣಗಿದರು. ನಾನು ಸುಮ್ಮನಿರಬಹುದಿತ್ತು. ಬಾಯಿ ತಡೆಯಲಿಲ್ಲ. "ಎಲ್ಲಾ ಒಂದೇ ಅಲ್ಲ ಅಕ್ಕಾ" ಎಂದುಬಿಟ್ಟೆ. ಅವರು ಸೌಟು ಕೈಯಲ್ಲಿ ಹಿಡಿದೇ ತಿರುಗಿ, "ಹೌದೇನಪ್ಪಾ? ಹಾಗಾದ್ರೆ ಯಾವುದು ಒಳ್ಳೇದು, ಯಾವುದು ಕೆಟ್ಟದ್ದು, ನಮಗೆ ಹೇಗೆ ಗೊತ್ತಾಗಬೇಕು? ಬರೆದು ಕೊಡು ನೋಡೋಣ" ಎಂದರು. ಅವರ ಹಿಂದೆಯೇ ನಮ್ಮ ಪತ್ರಿಕೆಯ ಸಂಪಾದಕರು ನಿಂತಿದ್ದರು. ಅಲ್ಲಿಗೆ ನನ್ನ ಕಥೆ ಮುಗಿಯಿತು!

ಮೊದಲೇ ತಪ್ಪೊಪ್ಪಿಗೆ: ನಾನು ಗೇಮ್ ತಯಾರಿಸುವವನಲ್ಲ. ಹಗಲೆಲ್ಲ ಬ್ಯಾಂಕಿಂಗ್ ಸಾಫ್ಟ್‌ವೇರಿನ ಬಗ್ ಹುಡುಕುವ ಬಡಪಾಯಿ. ರಾತ್ರಿ ಮನೆಯವರೆಲ್ಲ ಮಲಗಿದಮೇಲೆ ಹೆಡ್‌ಫೋನ್ ಹಾಕಿಕೊಂಡು ಒಂದು ಗಂಟೆ ಆಡುತ್ತೇನೆ. ಮಿನ್ನೆಸೋಟಾದ ಚಳಿಗಾಲದಲ್ಲಿ ಸಂಜೆ ಐದಕ್ಕೇ ಕತ್ತಲಾಗುವಾಗ ಬೇರೆ ಏನು ಮಾಡುವುದು ಹೇಳಿ? ನನಗೆ ಇಷ್ಟವಾಗುವುದು ಕಥೆಯುಳ್ಳ ಹೊಡೆದಾಟದ ಗೇಮುಗಳು. ಹತ್ತು ಹದಿನೈದು ವರ್ಷಗಳಿಂದ ಆಡುತ್ತಾ ಬಂದಿರುವುದರಿಂದ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವ ಚಟವೂ ಅಂಟಿಕೊಂಡಿದೆ.

ಅಳತೆಗೋಲು ಊರಿನದೇ

ನಾನು ಹುಟ್ಟಿ ಬೆಳೆದದ್ದು ಸಾಗರದ ಹತ್ತಿರ. ಚಳಿಗಾಲ ಬಂದರೆ ಯಕ್ಷಗಾನ. ಕಂಬಳಿ ಹೊದ್ದು ಅಪ್ಪಯ್ಯನ ಪಕ್ಕ ಕೂತು ಬೆಳಗಿನವರೆಗೆ ಆಟ ನೋಡುತ್ತಿದ್ದೆ. ಅಭಿಮನ್ಯು ಕಾಳಗ, ಸುಧನ್ವಾರ್ಜುನ ಕಾಳಗ, ಬಭ್ರುವಾಹನ ಕಾಳಗ... ಪ್ರಸಂಗಗಳ ಹೆಸರಿನಲ್ಲೇ ಕಾಳಗವಿದೆ ನೋಡಿ. ಒಮ್ಮೆ ಒಬ್ಬ ವೇಷಧಾರಿ ಗಿರಗಿರನೆ ಸುತ್ತು ಹಾಕಿ ಭಾರೀ ಚಪ್ಪಾಳೆ ಗಿಟ್ಟಿಸಿದಾಗ ಅಪ್ಪಯ್ಯ ಹೇಳಿದ ಮಾತು ನೆನಪಿದೆ: "ಸುತ್ತಿದ್ದೇನೋ ಚೆನ್ನಾಗಿ ಸುತ್ತಿದ. ಆದರೆ ಯಾಕೆ ಸಿಟ್ಟು ಬಂತು ಅಂತ ಗೊತ್ತಾಗಲಿಲ್ಲ."

ಬಭ್ರುವಾಹನನ ಕಥೆಯನ್ನೇ ತೆಗೆದುಕೊಳ್ಳಿ. ಮಗ ಯಜ್ಞದ ಕುದುರೆಯನ್ನು ಭಕ್ತಿಯಿಂದ ಒಪ್ಪಿಸಲು ಬರುತ್ತಾನೆ. ಅಪ್ಪ ಅರ್ಜುನ ಅವನನ್ನು ಹೀಯಾಳಿಸುತ್ತಾನೆ. ಆಮೇಲೆ ಬರುವ ಒಂದೊಂದು ಬಾಣದಲ್ಲೂ ಆ ಅವಮಾನ ಇರುತ್ತದೆ. ಅವಮಾನ ತೆಗೆದುಹಾಕಿ, ಉಳಿಯುವುದು ಬರೀ ಕುಣಿತ.

ಗೇಮುಗಳಿಗೂ ನಾನು ಇದೇ ಅಳತೆಗೋಲು ಹಿಡಿಯುತ್ತೇನೆ. ಮೂರು ಪ್ರಶ್ನೆ. ಒಂದು, ಹೊಡೆತ ಕೈಗೆ ತಾಗುತ್ತದೆಯೇ? ಎರಡು, ಕಥೆ ಹೇಳುವುದನ್ನೇ ಕಾಳಗವೂ ಹೇಳುತ್ತದೆಯೇ? ಮೂರು, ಆಡುವವನನ್ನು ದಡ್ಡನೆಂದು ತಿಳಿಯದೆ, ತಾನೇ ಕಲಿಯಲು ಬಿಡುತ್ತದೆಯೇ?

ಕೈಗೆ ತಾಗುವ ಹೊಡೆತ

ಮೊದಲನೆಯದು ಇಂಜಿನಿಯರಿಂಗ್ ವಿಷಯ, ಹಾಗಾಗಿ ಸ್ವಲ್ಪ ಕೊರೆಯಲು ಅಪ್ಪಣೆ ಕೊಡಿ. ಪರದೆ ಸೆಕೆಂಡಿಗೆ 60 ಚಿತ್ರ ತೋರಿಸುತ್ತಿದ್ದರೆ ಒಂದೊಂದು ಚಿತ್ರಕ್ಕೂ ಸುಮಾರು 16.7 ಮಿಲಿಸೆಕೆಂಡ್ ಸಮಯ. 30 ಚಿತ್ರವಾದರೆ 33 ಮಿಲಿಸೆಕೆಂಡ್. ನೀವು ಬಟನ್ ಒತ್ತಿದ್ದಕ್ಕೂ ಪರದೆಯ ಮೇಲೆ ಕತ್ತಿ ಬೀಸಿದ್ದಕ್ಕೂ ನಡುವೆ ಇಂಥ ಕೆಲವೇ ಚಿತ್ರಗಳ ಅಂತರವಿರಬೇಕು. ಹೆಚ್ಚಾದರೆ ಕೈಗೆ ಜಡ ಅನ್ನಿಸುತ್ತದೆ. ಕತ್ತಿ ತಾಗಿದ ಕ್ಷಣದಲ್ಲಿ ಒಳ್ಳೆಯ ಗೇಮುಗಳು ಇಡೀ ಚಲನೆಯನ್ನು ಎರಡು ಮೂರು ಚಿತ್ರಗಳಷ್ಟು ಹೊತ್ತು ತಡೆದು ನಿಲ್ಲಿಸುತ್ತವೆ. ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಮನಸ್ಸು "ಅಬ್ಬಾ, ಬಿತ್ತು ಏಟು" ಎನ್ನುತ್ತದೆ. ಭಾಗವತರ ಪದ ಮುಗಿಯುವಲ್ಲಿ ಚೆಂಡೆಯ ಒಂದು ಪೆಟ್ಟು ಬೀಳುತ್ತದಲ್ಲ, ಹಾಗೆ.

ಈ ವಿದ್ಯೆಯಲ್ಲಿ ನಾನು ಕಂಡಂತೆ ಎರಡು ಗೇಮುಗಳಿಗೆ ಸಾಟಿಯಿಲ್ಲ. ಒಂದು, 2018ರ ಏಪ್ರಿಲ್‌ನಲ್ಲಿ ಬಂದ 'ಗಾಡ್ ಆಫ್ ವಾರ್'. ನಾಯಕ ಕ್ರೇಟೋಸ್ ತನ್ನ ಕೊಡಲಿಯನ್ನು ಎಸೆಯುತ್ತಾನೆ, ನೀವು ಬಟನ್ ಒತ್ತಿದರೆ ಅದು ಹಾರಿಕೊಂಡು ಅವನ ಕೈಗೆ ವಾಪಸ್ ಬರುತ್ತದೆ. ಅದು ಅಂಗೈಗೆ ಬಡಿಯುವಾಗ ನಿಮ್ಮ ಕೈಯಲ್ಲಿರುವ ಕಂಟ್ರೋಲರ್ ನಡುಗುತ್ತದೆ. ಶತ್ರುಗಳೇ ಇಲ್ಲದ ಕಡೆಯೂ ನಾನು ಸುಮ್ಮನೆ ಎಸೆದು ಕರೆದು, ಎಸೆದು ಕರೆದು ಅರ್ಧ ಗಂಟೆ ಕಳೆದಿದ್ದೇನೆ. ಚಿಕ್ಕಂದಿನಲ್ಲಿ ಬುಗುರಿ ಆಡಿದವರಿಗೆ ಈ ಹುಚ್ಚು ಅರ್ಥವಾಗುತ್ತದೆ.

ಇನ್ನೊಂದು, 2019ರ ಮಾರ್ಚ್‌ನಲ್ಲಿ ಬಂದ ಜಪಾನಿನ 'ಸೆಕಿರೊ'. ಫ್ರಮ್‌ಸಾಫ್ಟ್‌ವೇರ್ ಕಂಪನಿಯದು, ನಿರ್ದೇಶಕ ಹಿದೆತಾಕಾ ಮಿಯಾಝಾಕಿ. ಇದರಲ್ಲಿ ಶತ್ರುವಿನ ಪ್ರಾಣವನ್ನು ಚೂರುಚೂರಾಗಿ ಕಡಿಮೆ ಮಾಡುವುದಕ್ಕಿಂತ ಅವನ ನಿಲುವನ್ನು ಮುರಿಯುವುದು ಮುಖ್ಯ. ಅವನ ಕತ್ತಿ ಬೀಳುವ ಸರಿಯಾದ ಕ್ಷಣಕ್ಕೆ ನಿಮ್ಮ ಕತ್ತಿ ಒಡ್ಡಬೇಕು. ಠಣ್, ಠಣ್, ಠಣ್! ತಾಳ ತಪ್ಪಿದರೆ ಸತ್ತಿರಿ. ಸುಲಭ, ಮಧ್ಯಮ, ಕಠಿಣ ಎಂಬ ಆಯ್ಕೆಯೇ ಇಲ್ಲ. ಗೆನಿಚಿರೊ ಎಂಬ ಸಾಮಂತನ ಕೈಯಲ್ಲಿ ನಾನು ಎಷ್ಟು ಸಲ ಸತ್ತೆನೆಂದು ಲೆಕ್ಕ ಇಟ್ಟಿಲ್ಲ, ಹೆಂಡತಿ ಇಟ್ಟಿದ್ದಾಳೆ! ಆದರೆ ಗೆದ್ದ ರಾತ್ರಿ ಗೊತ್ತಾದದ್ದು ಇಷ್ಟು: ಇಡೀ ವಾರದಲ್ಲಿ ನನ್ನ ಪಾತ್ರ ಬಲಿಷ್ಠವಾಗಿರಲಿಲ್ಲ, ನಾನು ಕಲಿತಿದ್ದೆ. ನನ್ನ ಮೂರನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಬಾಯಲ್ಲಿ ಒಂದು, ಕೈಯಲ್ಲಿ ಇನ್ನೊಂದು

ಎರಡನೆಯ ಪ್ರಶ್ನೆಯೇ ಕಷ್ಟದ್ದು. ಕಥೆ ಒಂದು ಹೇಳಿ ಆಟ ಇನ್ನೊಂದು ಹೇಳುವ ದೋಷಕ್ಕೆ ಗೇಮ್ ಪಂಡಿತರು 'ಲೂಡೋನರೇಟಿವ್ ಡಿಸೊನೆನ್ಸ್' ಎಂಬ ಬಾಯಿ ತುಂಬುವ ಹೆಸರಿಟ್ಟಿದ್ದಾರೆ. 2007ರಲ್ಲಿ 'ಬಯೋಶಾಕ್' ಗೇಮ್ ಬಗ್ಗೆ ಬರೆಯುತ್ತಾ ಕ್ಲಿಂಟ್ ಹಾಕಿಂಗ್ ಎಂಬ ಗೇಮ್ ವಿನ್ಯಾಸಕ ಈ ಪದ ಬಳಸಿದ. ಅದೇ ವರ್ಷ ಬಂದ 'ಅನ್‌ಚಾರ್ಟೆಡ್' ಸರಣಿ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ನಾಯಕ ನೇಥನ್ ಡ್ರೇಕ್ ನಗುನಗುತ್ತಾ ಜೋಕ್ ಹೊಡೆಯುವ ಒಳ್ಳೆಯ ಹುಡುಗ. ಆದರೆ ಗೇಮ್ ಮುಗಿಯುವಷ್ಟರಲ್ಲಿ ನೂರಾರು ಜನರನ್ನು ಗುಂಡಿಟ್ಟು ಕೊಂದಿರುತ್ತಾನೆ, ಮುಖದಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ. ತಯಾರಕರಾದ ನಾಟಿ ಡಾಗ್ ಕಂಪನಿಯವರಿಗೂ ಈ ಟೀಕೆ ಗೊತ್ತಿತ್ತು. 2016ರ 'ಅನ್‌ಚಾರ್ಟೆಡ್ 4'ರಲ್ಲಿ ಸಾವಿರ ಶತ್ರುಗಳನ್ನು ಮುಗಿಸಿದವರಿಗೆ ಒಂದು ಟ್ರೋಫಿ ಕೊಡುತ್ತಾರೆ. ಅದರ ಹೆಸರೇ 'ಲೂಡೋನರೇಟಿವ್ ಡಿಸೊನೆನ್ಸ್'! ತಪ್ಪು ತೋರಿಸಿದರೆ ನಕ್ಕು ಒಪ್ಪಿಕೊಳ್ಳುವುದು ಒಂದು ಸೊಗಸು. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಬಗ್ ಸರಿಹೋಗುವುದಿಲ್ಲ, ನಮ್ಮ ಆಫೀಸಿನಲ್ಲಂತೂ ಇಲ್ಲ.

ಅದೇ ಕಂಪನಿ 2013ರಲ್ಲಿ ತಂದ 'ದ ಲಾಸ್ಟ್ ಆಫ್ ಅಸ್' ನೋಡಿ. ಶಿಲೀಂಧ್ರದ ಸೋಂಕಿನಿಂದ ಹಾಳಾದ ಅಮೆರಿಕದಲ್ಲಿ ಜೋಯೆಲ್ ಎಂಬ ನಡುವಯಸ್ಸಿನವನು ಎಲ್ಲಿ ಎಂಬ ಹದಿನಾಲ್ಕರ ಹುಡುಗಿಯನ್ನು ಕರೆದುಕೊಂಡು ಹೋಗಬೇಕು. ಗುಂಡುಗಳು ಬೆರಳೆಣಿಕೆಯಷ್ಟು. ಗುರಿಯಿಟ್ಟರೆ ಬಂದೂಕು ಅತ್ತಿತ್ತ ತೂಗಾಡುತ್ತದೆ. ನನಗೆ ಬಹಳ ಹಿಡಿಸಿದ ಸಂಗತಿ ಒಂದು ಪುಟ್ಟ ಲೆಕ್ಕಾಚಾರ. ನಿಮ್ಮ ಚೀಲದಲ್ಲಿ ಒಂದಿಷ್ಟು ಆಲ್ಕೋಹಾಲ್, ಒಂದಿಷ್ಟು ಬಟ್ಟೆ ಚೂರು ಇರುತ್ತದೆ. ಅದರಿಂದ ಗಾಯಕ್ಕೆ ಕಟ್ಟುವ ಪಟ್ಟಿಯನ್ನೂ ಮಾಡಬಹುದು, ಬೆಂಕಿಯ ಬಾಂಬನ್ನೂ ಮಾಡಬಹುದು. ಎರಡಕ್ಕೂ ಸಾಲದು. ಗಾಯ ಕಟ್ಟಿಕೊಳ್ಳುತ್ತೀಯೋ, ಇನ್ನೊಬ್ಬನನ್ನು ಸುಡುತ್ತೀಯೋ? ಇಡೀ ಕಥೆಯ ಸಂಕಟ ಆ ಒಂದು ಬಟ್ಟೆ ಚೂರಿನಲ್ಲಿದೆ. ಡೈಲಾಗ್ ಬೇಕಾಗಿಯೇ ಇಲ್ಲ. 2020ರಲ್ಲಿ ಬಂದ ಎರಡನೇ ಭಾಗದಲ್ಲಿ ನೀವು ಒಬ್ಬನನ್ನು ಕೊಂದರೆ ಅವನ ಜೊತೆಗಾರರು ಅವನ ಹೆಸರು ಹಿಡಿದು ಕೂಗುತ್ತಾರೆ. ಹೆಸರು ಕೇಳಿದಮೇಲೆ ಕೊಲ್ಲುವುದು ಸಲೀಸಲ್ಲ. ಆ ಗೇಮನ್ನು ನಾನು ಒಂದೇ ಸಲ ಮುಗಿಸಿದ್ದು, ಮತ್ತೆ ಮುಟ್ಟಿಲ್ಲ. ಚೆನ್ನಾಗಿಲ್ಲವೆಂದಲ್ಲ, ತಾಳಿಕೊಳ್ಳಲಾಗಲಿಲ್ಲ.

2020ರ ಜುಲೈನಲ್ಲಿ ಬಂದ 'ಘೋಸ್ಟ್ ಆಫ್ ಸುಶಿಮಾ' ಇವೆರಡರ ನಡುವೆ ನಿಲ್ಲುತ್ತದೆ. 1274ರಲ್ಲಿ ಮಂಗೋಲರು ಜಪಾನಿನ ಸುಶಿಮಾ ದ್ವೀಪಕ್ಕೆ ದಾಳಿಯಿಟ್ಟ ಕಾಲ. ದಾರಿ ತೋರಿಸಲು ಪರದೆಯ ಮೇಲೆ ಬಾಣದ ಗುರುತಿಲ್ಲ, ನೀವು ಹೋಗಬೇಕಾದ ದಿಕ್ಕಿಗೆ ಗಾಳಿ ಬೀಸುತ್ತದೆ, ಹುಲ್ಲು ಬಾಗುತ್ತದೆ. ಇಂಥ ವಿನ್ಯಾಸಕ್ಕೆ ಕೈಮುಗಿಯಬೇಕು. ಕಲ್ಲು, ನೀರು, ಗಾಳಿ, ಚಂದ್ರ ಎಂದು ಕತ್ತಿವರಸೆಯ ನಾಲ್ಕು ನಿಲುವು. ಕತ್ತಿಯವನಿಗೆ ಒಂದು, ಗುರಾಣಿಯವನಿಗೆ ಇನ್ನೊಂದು. ಆದರೆ ಕಥೆಯಲ್ಲಿ ನಾಯಕ ಜಿನ್‌ನ ಸೋದರಮಾವನಂಥ ಹಿರಿಯ "ಬೆನ್ನಿಗೆ ಇರಿಯುವುದು ವೀರನ ಧರ್ಮವಲ್ಲ" ಎಂಬ ಅರ್ಥದಲ್ಲಿ ಪಾಠ ಮಾಡುತ್ತಿದ್ದರೆ, ಆಟದಲ್ಲಿ ಬೆನ್ನಿಗೆ ಇರಿದರೆ ಯಾವ ನಷ್ಟವೂ ಇಲ್ಲ. ಎದುರು ನಿಂತು ಹೊಡೆದರೂ ಸರಿ, ಹಿಂದಿನಿಂದ ಹೊಡೆದರೂ ಸರಿ. ಧರ್ಮಸಂಕಟ ಮಾತಿನಲ್ಲಿ ಉಳಿಯಿತು, ಕೈಗೆ ಇಳಿಯಲಿಲ್ಲ.

ಗೋಕರ್ಣದ ದಾರಿ

ಈಗ ಮತ್ತೆ 'ಗಾಡ್ ಆಫ್ ವಾರ್'ಗೆ ಬರುತ್ತೇನೆ. ಕಥೆಯ ಕೊನೆಯನ್ನು ಹೇಳುವುದಿಲ್ಲ, ಆದರೆ ನಡುವಿನ ಒಂದು ಸಂಗತಿ ಹೇಳಲೇಬೇಕು. ಆಡಬೇಕೆಂದಿರುವವರು ಎರಡು ಪ್ಯಾರಾ ಹಾರಿಸಿ.

2019ರ ಜನವರಿಯಲ್ಲಿ ಅಮ್ಮ ಹೋದರು. ನಾನು ಇಲ್ಲಿಂದ ಹೊರಟು ಊರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಉಳಿದದ್ದು ಅಸ್ಥಿ ಬಿಡುವ ಕೆಲಸ. ಸಾಗರದಿಂದ ಜೋಗ, ಗೇರುಸೊಪ್ಪೆ ಘಾಟಿ, ಹೊನ್ನಾವರ, ಕುಮಟಾ ದಾಟಿ ಗೋಕರ್ಣಕ್ಕೆ ನಾನೇ ಕಾರು ಓಡಿಸಿದೆ. ಪಕ್ಕದ ಸೀಟಿನಲ್ಲಿ ಅಪ್ಪಯ್ಯ, ತೊಡೆಯ ಮೇಲೆ ಮಡಕೆ. ಇಡೀ ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು, ಘಾಟಿಯ ತಿರುವಿನಲ್ಲಿ: "ನಿಧಾನ." ಅಪ್ಪಯ್ಯ ಹೈಸ್ಕೂಲ್ ಮೇಷ್ಟ್ರು. ಸಾವಿರಾರು ಮಕ್ಕಳಿಗೆ ಗಂಟಲು ಹರಿಯುವಂತೆ ಪಾಠ ಮಾಡಿದವರು, ಮನೆಯಲ್ಲಿ ನನ್ನ ಹತ್ತಿರ ಮಾತು ಕಮ್ಮಿ.

ವಾಪಸ್ ಬಂದಮೇಲೆ, ಗೆಳೆಯನೊಬ್ಬ ಕೊಟ್ಟಿದ್ದ ಈ ಗೇಮನ್ನು ಏನೂ ಗೊತ್ತಿಲ್ಲದೆ ಶುರು ಮಾಡಿದೆ. ಮೊದಲ ದೃಶ್ಯದಲ್ಲೇ ಕ್ರೇಟೋಸ್ ಹೆಂಡತಿಯ ಚಿತೆಗೆ ಮರ ಕಡಿಯುತ್ತಿದ್ದಾನೆ. ಅವಳ ಬೂದಿಯನ್ನು ಎಲ್ಲ ಲೋಕಗಳಿಗಿಂತ ಎತ್ತರದ ಶಿಖರದಿಂದ ಚೆಲ್ಲಬೇಕು. ಅಷ್ಟೇ ಕಥೆ. ಮಾತು ಬಾರದ ಅಪ್ಪ, ಪುಟ್ಟ ಮಗ, ಸೊಂಟದಲ್ಲಿ ಬೂದಿಯ ಚೀಲ. ಮಗನಿಗೆ ಅಟ್ರಿಯಸ್ ಎಂದು ಹೆಸರಿದ್ದರೂ ಅಪ್ಪ ಕರೆಯುವುದು ಬರೀ "ಹುಡುಗಾ" ಎಂದು. ನಿರ್ದೇಶಕ ಕೋರಿ ಬಾರ್ಲಾಗ್ ಇಡೀ ಗೇಮನ್ನು ಎಲ್ಲೂ ಕಟ್ ಇಲ್ಲದ ಒಂದೇ ಶಾಟ್‌ನಂತೆ ಮಾಡಿದ್ದಾರೆ. ಕ್ಯಾಮೆರಾ ಆ ಇಬ್ಬರನ್ನು ಬಿಟ್ಟು ಹೋಗುವುದೇ ಇಲ್ಲ. ನನಗೂ ಎದ್ದು ಹೋಗಲಾಗಲಿಲ್ಲ.

ಕಾಳಗದಲ್ಲಿ ಒಂದು ಬಟನ್ ಮಗನಿಗೆ ಮೀಸಲು. ಒತ್ತಿದರೆ ಅವನು ಬಾಣ ಬಿಡುತ್ತಾನೆ. ಮೊದಮೊದಲು ಅವನ ಬಾಣ ಅಷ್ಟಕ್ಕಷ್ಟೇ, ಹೋಗ್ತಾ ಹೋಗ್ತಾ ಅವನಿಲ್ಲದೆ ಗೆಲ್ಲುವುದೇ ಕಷ್ಟ. ಹಿಂದಿನಿಂದ ಯಾರಾದರೂ ಬಂದರೆ ಕೂಗಿ ಎಚ್ಚರಿಸುತ್ತಾನೆ. ಮಗ ಬೆಳೆಯುತ್ತಿದ್ದಾನೆಂದು ಯಾರೂ ಹೇಳಬೇಕಿಲ್ಲ, ನಿಮ್ಮ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಕಥೆಯ ನಡುವೆ ಅವನು ಕಾಯಿಲೆ ಬೀಳುತ್ತಾನೆ. ಅವನನ್ನು ಒಂದು ಮನೆಯಲ್ಲಿ ಬಿಟ್ಟು ಕ್ರೇಟೋಸ್ ಒಬ್ಬನೇ ಔಷಧಿ ತರಲು ಹೋಗಬೇಕು. ಮುಂದಿನ ಹೊಡೆದಾಟದಲ್ಲಿ ಅಭ್ಯಾಸಬಲದಿಂದ ಆ ಬಟನ್ ಒತ್ತಿದೆ. ಬಾಣ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಬರಲಿಲ್ಲ. ಅಮ್ಮ ಹೋದಮೇಲೂ ಎಷ್ಟೋ ಭಾನುವಾರ ಬೆಳಿಗ್ಗೆ ನನ್ನ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು, ಊರಿಗೆ ಫೋನ್ ಮಾಡುವ ಹೊತ್ತು ಅದು. ಗೇಮನ್ನು ಅಲ್ಲೇ ನಿಲ್ಲಿಸಿ ಸುಮ್ಮನೆ ಕೂತೆ.

ಆ ರಾತ್ರಿಗಳಲ್ಲೇ ಒಂದು ದಿನ, ಆಗ ಏಳು ವರ್ಷದವನಾಗಿದ್ದ ನನ್ನ ಮಗ ನೀರು ಕುಡಿಯಲು ಎದ್ದು ಬಂದು ಮೆಟ್ಟಿಲ ಮೇಲೆ ನಿಂತು ನೋಡಿಬಿಟ್ಟಿದ್ದ. "ಅಪ್ಪಾ, ಆ ಚೀಲದಲ್ಲಿರೋದು ಅಜ್ಜಿ ಥರಾನಾ?" ಎಂದ. ಟಿವಿ ಆರಿಸಿ ಅವನನ್ನು ಮಲಗಿಸಲು ಕರೆದುಕೊಂಡು ಹೋದೆ. ಗೋಕರ್ಣದ ಕಥೆಯನ್ನು ಅವನಿಗೆ ಮೊದಲ ಸಲ ಹೇಳಿದ್ದು ಅಂದೇ. ಬೆಳಿಗ್ಗೆ ಹೆಂಡತಿ ಬೈದಳು: "ಏನ್ರೀ ನೀವು, ಇಷ್ಟು ರಕ್ತ ಇರೋದನ್ನ ಹಾಲ್‌ನಲ್ಲಿ ಕೂತು ಆಡ್ತೀರಲ್ಲ?" ಅವಳದ್ದು ಸರಿ. ಉತ್ತರ ಇರಲಿಲ್ಲ.

ಹೊಗಳಿದ್ದಾಯಿತು, ಕೊರತೆಯೂ ಹೇಳಬೇಕು. ಈ ಗೇಮಿನಲ್ಲಿ ದೈತ್ಯ ಟ್ರೋಲ್‌ಗಳ ಜೊತೆಗಿನ ಕಾಳಗ ಮತ್ತೆ ಮತ್ತೆ ಬರುತ್ತದೆ. ಬಣ್ಣ ಬೇರೆ, ಹೆಸರು ಬೇರೆ, ಕುಣಿತ ಅದೇ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅಪ್ಪ ಮಗನಿಗೆ ಉದ್ದಕ್ಕೂ ಕಲಿಸುವುದು ಸಿಟ್ಟನ್ನು ಹತೋಟಿಯಲ್ಲಿಡು ಎಂದು. ಆದರೆ ಆಡುವವನ ಕೈಗೆ 'ರೇಜ್' ಎಂಬ ವಿದ್ಯೆ ಕೊಟ್ಟಿದ್ದಾರೆ. ಸಿಟ್ಟಿಗೆದ್ದು ಗುದ್ದಿದಷ್ಟೂ ನಿಮ್ಮ ಪ್ರಾಣ ತುಂಬಿಕೊಳ್ಳುತ್ತದೆ! ಉಪದೇಶ ಮಗನಿಗೆ, ಲಾಭ ಅಪ್ಪನಿಗೆ. ನಮ್ಮ ಮನೆಗಳಲ್ಲೂ ಇದು ಹೊಸದಲ್ಲ ಅನ್ನಿ.

ಅಪ್ಪಯ್ಯನ ವಿಮರ್ಶೆ

2022ರ ಬೇಸಿಗೆಯಲ್ಲಿ ಅಪ್ಪಯ್ಯ ಇಲ್ಲಿಗೆ ಬಂದರು. ಒಂದು ಮಧ್ಯಾಹ್ನ ಮಗ ಈಜಲು ಹೋಗಿದ್ದಾಗ, "ಎಂಥದೋ ಅದು ನೀನು ರಾತ್ರಿಯೆಲ್ಲ ಆಡೋದು, ತೋರಿಸು ನೋಡೋಣ" ಎಂದರು. 'ಗಾಡ್ ಆಫ್ ವಾರ್' ಮೊದಲಿನಿಂದ ಹಾಕಿದೆ. ಕೊಡಲಿ ಹಾರಿ ವಾಪಸ್ ಬಂದದ್ದಕ್ಕೆ "ಸುದರ್ಶನ ಚಕ್ರ" ಎಂದು ನಕ್ಕರು. ಮೊದಲ ಬೇಟೆಯಲ್ಲಿ ಜಿಂಕೆ ಬೀಳುತ್ತದೆ, ಹುಡುಗ ಕುಗ್ಗುತ್ತಾನೆ. ಕ್ರೇಟೋಸ್ ಅವನನ್ನು ಸಮಾಧಾನಿಸಲು ಹಿಂದಿನಿಂದ ಕೈ ಚಾಚುತ್ತಾನೆ, ಮುಟ್ಟುವ ಮುಂಚೆಯೇ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಕೈ ಇಡಬೇಕಿತ್ತು ಅವನು" ಎಂದರು. ನಾನು ಪರದೆಯನ್ನೇ ನೋಡುತ್ತಿದ್ದೆ. "ಹೂಂ" ಎಂದೆ. ಅಷ್ಟೇ ಮಾತು. ನಮ್ಮಿಬ್ಬರ ಲೆಕ್ಕಕ್ಕೆ ಅದು ಬಹಳವಾಯಿತು.

ಹಾಗಾದರೆ ಮಕ್ಕಳಿಗೆ?

ಅಕ್ಕನವರ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ. ಮಗನಿಗೆ ಈಗ ಹನ್ನೆರಡು. "ನನ್ನ ಫ್ರೆಂಡ್ಸ್ ಎಲ್ಲಾ ಆಡ್ತಾರೆ, ನೀನೂ ಆಡ್ತೀಯ, ನನಗೆ ಮಾತ್ರ ಯಾಕೆ ಬೇಡ?" ಎಂದು ಕೇಳುತ್ತಾನೆ. ನಾನು ಮೇಲೆ ಹೊಗಳಿದ 'ಗಾಡ್ ಆಫ್ ವಾರ್', 'ದ ಲಾಸ್ಟ್ ಆಫ್ ಅಸ್', 'ಸೆಕಿರೊ', 'ಸುಶಿಮಾ' ನಾಲ್ಕಕ್ಕೂ ಅಮೆರಿಕದ ಇಎಸ್‌ಆರ್‌ಬಿ ಕೊಟ್ಟಿರುವುದು 'ಎಂ' ಗುರುತು, ಅಂದರೆ ಹದಿನೇಳು ದಾಟಿದವರಿಗೆ. ಒಳ್ಳೆಯ ಗೇಮ್ ಬೇರೆ, ಮಕ್ಕಳ ಗೇಮ್ ಬೇರೆ. ಇದನ್ನು ಬೆರೆಸಬೇಡಿ. ಅಂಗಡಿಯಲ್ಲಿ ಡಬ್ಬಿಯ ಮೂಲೆಯ ಆ ಒಂದು ಅಕ್ಷರವನ್ನು ದಯವಿಟ್ಟು ನೋಡಿ.

ಅವನಿಗೆ ಹೇಳಿದ್ದು ಇಷ್ಟು: "ಹದಿನೇಳಾದ ದಿನ 'ಗಾಡ್ ಆಫ್ ವಾರ್' ಇಬ್ಬರೂ ಸೇರಿ ಶುರು ಮಾಡೋಣ. ಅಲ್ಲಿಯವರೆಗೆ ಬೇರೆ." ಸದ್ಯ ಅವನು 2017ರ 'ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್' ಆಡುತ್ತಿದ್ದಾನೆ. ಹತ್ತು ದಾಟಿದವರಿಗೆ ಎಂಬ ಗುರುತು ಅದಕ್ಕೆ. ಕತ್ತಿಗಳು ಬೇಗ ಮುರಿಯುತ್ತವೆ, ಹಾಗಾಗಿ ಹೊಡೆಯುವ ಮುಂಚೆ ಯೋಚಿಸಬೇಕು. ಜೊತೆಗೆ ನಾವಿಬ್ಬರೂ 2020ರಲ್ಲಿ ಬಂದ 'ರಾಜಿ' ಮುಗಿಸಿದೆವು. ಪುಣೆಯ ನಾಡಿಂಗ್ ಹೆಡ್ಸ್ ತಂಡದ ಗೇಮ್. ಮಹಾಬಲಾಸುರನ ಪಡೆ ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಟ ರಾಜಿ ಎಂಬ ಹುಡುಗಿ, ಕೈಯಲ್ಲಿ ತ್ರಿಶೂಲ, ಕಥೆ ಹೇಳುವವರು ದುರ್ಗೆ ಮತ್ತು ವಿಷ್ಣು. ನಡುನಡುವೆ ಕಥೆಯನ್ನು ನೆರಳಿನ ಗೊಂಬೆಗಳಲ್ಲಿ ತೋರಿಸುತ್ತಾರೆ, ನಮ್ಮ ತೊಗಲು ಗೊಂಬೆಯಾಟ ನೆನಪಾಗುತ್ತದೆ. ನಿಜ ಹೇಳಬೇಕೆಂದರೆ ಕಾಳಗ 'ಸೆಕಿರೊ' ಮಟ್ಟಕ್ಕಿಲ್ಲ. ಶತ್ರುಗಳ ಬಗೆ ಕಡಿಮೆ, ಕೊನೆಯಂತೂ ಮಧ್ಯದಲ್ಲೇ ತುಂಡಾದಂತಿದೆ. ಆದರೆ "ದುರ್ಗೆ ಯಾರು, ಯಾಕೆ ಸಿಂಹ?" ಎಂದು ಅವನು ಆಟ ನಿಲ್ಲಿಸಿ ಕೇಳಿದ. ಆ ವಾರ ಊರಿಗೆ ಫೋನ್ ಮಾಡಿದಾಗ ಅಜ್ಜ ಮೊಮ್ಮಗನಿಗೆ ಮುಕ್ಕಾಲು ಗಂಟೆ ಕಥೆ ಹೇಳಿದರು, ಕನ್ನಡದಲ್ಲೇ. ನನ್ನ ಹತ್ತಿರ ಮಾತಾಡಲು ಸಮಯ ಉಳಿಯಲಿಲ್ಲ.

ಅಕ್ಕನವರಿಗೆ ನನ್ನ ಸಲಹೆ ಒಂದೇ: ಒಂದು ಸಂಜೆ ಮಗನ ಪಕ್ಕ ಕೂತು ನೋಡಿ. ಬೈಯಬೇಡಿ, ಹೊಗಳಬೇಡಿ. "ಇವನಿಗೆ ಯಾಕೆ ಸಿಟ್ಟು ಬಂತು?" ಎಂದು ಕೇಳಿ. ಹುಡುಗನಿಗೆ ಉತ್ತರ ಗೊತ್ತಿದ್ದರೆ ಅದರಲ್ಲಿ ಕಥೆಯಿದೆ, ಅವನು ಗಮನವಿಟ್ಟು ಆಡುತ್ತಿದ್ದಾನೆ. "ಗೊತ್ತಿಲ್ಲಮ್ಮಾ, ಸುಮ್ನೆ ಹೊಡೀಬೇಕು" ಎಂದರೆ, ನೀವು ಹೇಳಿದ್ದೇ ಸರಿ, ಅದು ಬರೀ ಸುತ್ತು ಹಾಕುವ ವೇಷ.

ಏನಂತೀರಿ? ಮುಂದಿನ ಪಾಟ್‌ಲಕ್‌ನಲ್ಲಿ ಸಿಗೋಣ. ಬೈಯುವುದಿದ್ದರೆ ಅಲ್ಲೇ ಬೈಯಿರಿ, ಆದರೆ ಬಿಸಿಬೇಳೆ ಬಾತ್ ಬಡಿಸಿದಮೇಲೆ!